ಮಂದ್ರದ ತಂತಿ ಮತ್ತು ಡ್ರಮ್ಮಿನ ಪೆಟ್ಟು

ರಾಜ್ಯೋತ್ಸವದ ಕಾರ್ಯಕ್ರಮ ಮುಗಿದ ಮೇಲೆ ನಮ್ಮಲ್ಲಿ ಮಾತು ನಡೆಯುವುದು ಹಾಡಿದವರ ಬಗ್ಗೆ. ಯಾರ ಕಂಠ ಚೆನ್ನಾಗಿತ್ತು, ಯಾರು ಎರಡನೆಯ ಚರಣ ಮರೆತರು, ಯಾವ ಹಾಡಿಗೆ ‘ಒನ್ಸ್ ಮೋರ್’ ಬಂತು ಎಂಬುದೆಲ್ಲ ಚರ್ಚೆಯಾಗುತ್ತದೆ. ಕೊಳಲಿನವರಿಗೂ ಕೀಬೋರ್ಡಿನವರಿಗೂ ಒಂದೆರಡು ಒಳ್ಳೆಯ ಮಾತು ಸಲ್ಲುತ್ತದೆ. ವೇದಿಕೆಯ ಹಿಂಭಾಗದಲ್ಲಿ ಡ್ರಮ್ಮಿನವನ ಪಕ್ಕಕ್ಕೆ, ನಾಲ್ಕು ದಪ್ಪ ತಂತಿಗಳ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ನಿಂತವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅವನು ನುಡಿಸುವುದು ಬೇಸ್ ಗಿಟಾರು. ಅವನ ವಾದ್ಯ ಕೇಳಿಸಲಿಲ್ಲವಲ್ಲ ಎನ್ನುವವರೂ ಇದ್ದಾರೆ. ಅದು ನಿಂತರೆ ಏನಾಗುತ್ತದೆ ಎಂಬುದನ್ನು ಕೇಳಿದ ಮೇಲೆ ಆ ಮಾತು ಬರುವುದಿಲ್ಲ. ಸಾರಿನಲ್ಲಿ ಉಪ್ಪು ಇದ್ದಾಗ ಅದರ ಮಾತು ಬರುವುದಿಲ್ಲ, ಇಲ್ಲದಾಗ ಬೇರೆ ಮಾತೇ ಇರುವುದಿಲ್ಲ.

ಬೇಸ್ ನುಡಿಸುವ ತರುಣರಲ್ಲಿ ಯಾವ ಗಿಟಾರು ಮೇಲು, ಯಾವ ತಂತಿ ಮೇಲು ಎಂಬ ವಾದಗಳು ಬಹಳ. ಆ ವಾದಗಳಲ್ಲಿ ಎಷ್ಟು ಹುರುಳಿದೆ, ಅವುಗಳಿಗಿಂತ ಮುಖ್ಯವಾದುದು ಏನು, ಇದಕ್ಕೂ ನಮ್ಮ ಸಂಘಗಳ ಸಂಜೆಗಳಿಗೂ ಏನು ಸಂಬಂಧ ಎಂಬುದನ್ನು ಇಲ್ಲಿ ವಿಚಾರ ಮಾಡಬೇಕೆಂದಿದ್ದೇವೆ.

ಮೊದಲು ವಾದ್ಯದ ಪರಿಚಯ. ಸಾಮಾನ್ಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಳನ್ನು ಒಂದು ಸ್ಥಾಯಿ ಕೆಳಕ್ಕೆ ಇಳಿಸಿದರೆ ಬೇಸ್ ಗಿಟಾರಿನ ಶ್ರುತಿಯಾಗುತ್ತದೆ. ಅದರ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಹೋಲಿಕೆಗೆ ನಮ್ಮ ತಂಬೂರಿಯನ್ನೇ ತೆಗೆದುಕೊಳ್ಳೋಣ. ಹಾರ್ಮೋನಿಯಮ್ಮಿನ ಮೊದಲನೆಯ ಕಪ್ಪು ಮನೆಯನ್ನು ಷಡ್ಜವಾಗಿ ಇಟ್ಟುಕೊಂಡು ಹಾಡುವ ಗಾಯಕರ ತಂಬೂರಿಯಲ್ಲಿ ನಾಲ್ಕನೆಯ ಖರ್ಜದ ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ಅಂದರೆ ಬೇಸಿನವನು ಓಡಾಡುವ ನೆಲವೂ ಖರ್ಜದ ತಂತಿಯ ನೆಲವೂ ಒಂದೇ, ಇನ್ನೂ ಸ್ವಲ್ಪ ಕೆಳಗೆ ಹೋಗಲು ಇವನಿಗೆ ಅವಕಾಶವಿದೆ.

ಮೊದಲಿಗೆ ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಎಂಬ ಪಿಟೀಲಿನ ಜಾತಿಯ ವಾದ್ಯ ಮಾಡುತ್ತಿತ್ತು. ನಮ್ಮ ಹಳೆಯ ಚಲನಚಿತ್ರಗೀತೆಗಳಲ್ಲಿ ಬೆರಳಿನಿಂದ ಮೀಟಿದ ಅದರ ‘ದುಂ’ ಎಂಬ ನಾದವನ್ನು ಕೇಳಬಹುದು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಅವರ ಕಾರ್ಖಾನೆ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದು ಅದಕ್ಕೆ ‘ಪ್ರಿಸಿಷನ್’ ಎಂದು ಹೆಸರಿಟ್ಟಿತು. ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಸಿಕ್ಕುತ್ತದೆ ಎಂಬುದು ಆ ಹೆಸರಿನ ಅರ್ಥ. 1960ರಲ್ಲಿ ಅದೇ ಕಾರ್ಖಾನೆಯಿಂದ ‘ಜಾಝ್ ಬೇಸ್’ ಬಂತು. ಅದಕ್ಕೆ ಕುತ್ತಿಗೆ ಸಪೂರ, ನಾದವನ್ನು ಹಿಡಿಯುವ ಪಿಕಪ್ಪುಗಳು ಎರಡು. ಪ್ರಿಸಿಷನ್ ದುಂಡಗೆ, ಗಟ್ಟಿಯಾಗಿ ನುಡಿಯುತ್ತದೆ, ಜಾಝ್ ಬೇಸಿನ ನಾದದಲ್ಲಿ ಅಂಚು ಹೆಚ್ಚು. ಇಂದಿಗೂ ನಡೆಯುತ್ತಿರುವ ವಾದಗಳ ಮೂಲ ಇದೇ.

ಎರಡನೆಯ ವಾದ ತಂತಿಯದು. ಉಕ್ಕಿನ ತಂತಿಯ ಮೇಲೆ ಚಪ್ಪಟೆ ಪಟ್ಟಿ ಸುತ್ತಿದರೆ ನುಣುಪಾಗಿರುತ್ತದೆ, ನಾದ ಮೆತ್ತಗೆ ಹುಟ್ಟಿ ಬೇಗ ಆರುತ್ತದೆ. ದುಂಡು ತಂತಿಯನ್ನೇ ಸುತ್ತಿದರೆ ಮೈ ಒರಟು, ನಾದ ಝಣಝಣಿಸಿ ಬಹಳ ಹೊತ್ತು ನಿಲ್ಲುತ್ತದೆ. ಈ ಎರಡನೆಯ ಬಗೆ ಪ್ರಚಾರಕ್ಕೆ ಬಂದದ್ದು 1960ರ ದಶಕದ ನಡುವಿನಲ್ಲಿ. ಮೂರನೆಯ ವಾದ ಆಂಪ್ಲಿಫೈಯರಿನದು, ನಾಲ್ಕನೆಯದು ನಾಲ್ಕು ತಂತಿಯೋ ಐದು ತಂತಿಯೋ ಎಂಬುದು. ಐದನೆಯ ತಂತಿ ಸೆಕೆಂಡಿಗೆ 31 ಕಂಪನದವರೆಗೆ ಇಳಿಯುತ್ತದೆ. ನಮ್ಮ ಕಲ್ಯಾಣಮಂಟಪಗಳ ಧ್ವನಿವರ್ಧಕಗಳಲ್ಲಿ ಅದು ನುಡಿಯುವುದಕ್ಕಿಂತ ಗುಡುಗುವುದೇ ಹೆಚ್ಚು. 41 ಕಂಪನದ ನಾದದ ಒಂದು ಅಲೆಯ ಉದ್ದವೇ ಸುಮಾರು 8 ಮೀಟರಿಗಿಂತ ಹೆಚ್ಚು. ಪರದೆಯಿಲ್ಲದ ಬರಿಗೋಡೆಯ ಸಭಾಂಗಣದಲ್ಲಿ ಇಂಥ ಅಲೆಗಳು ಮೂಲೆಗಳಲ್ಲಿ ಸೇರಿಕೊಂಡು ಗುಂಯ್‌ಗುಡುತ್ತವೆ. ಬೇಸರಗೊಂಡ ಧ್ವನಿವರ್ಧಕದವನು ಬೇಸಿನ ಗುಂಡಿಯನ್ನು ಕೆಳಗಿಳಿಸಿಬಿಡುತ್ತಾನೆ. ಅಲ್ಲಿಗೆ ಲಕ್ಷ ರೂಪಾಯಿಯ ಗಿಟಾರೂ ಸಾಧಾರಣ ಗಿಟಾರೂ ಒಂದೇ ಆದವು.

ಈ ವಾದಗಳನ್ನು ಸುಳ್ಳೆಂದು ನಾವು ಹೇಳುತ್ತಿಲ್ಲ. ಒಂದೊಂದರಲ್ಲೂ ನಿಜವಿದೆ. ಆದರೆ ಈ ಆಯ್ಕೆಗಳನ್ನು ಅಳೆಯುವ ಕೋಲು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಅಂಗಡಿಯಲ್ಲಿ ಒಬ್ಬನೇ ಕುಳಿತು ನುಡಿಸಿದಾಗ ಚೆನ್ನಾಗಿ ಕೇಳಿಸುವುದು ಕೋಲಲ್ಲ. ಡ್ರಮ್ಮಿನವನ ಜೊತೆ ನುಡಿಸಿದಾಗ ಇಬ್ಬರೂ ಒಂದಾಗಿ ಕೇಳಿಸುವರೋ ಇಲ್ಲವೋ ಎಂಬುದೇ ಕೋಲು ಎಂದು ನಮ್ಮ ಅಭಿಪ್ರಾಯ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡ್ರಮ್ಮಿನವನ ಮುಂದೆ ನೆಲದ ಮೇಲೆ ಒಂದು ದೊಡ್ಡ ಡ್ರಮ್ಮು ಇರುತ್ತದೆ. ಅದನ್ನು ಅವನು ಬಲಗಾಲಿನ ಪೆಡಲಿನಿಂದ ಬಾರಿಸುತ್ತಾನೆ. ಈ ಪೆಟ್ಟಿಗೆ ಬಲವುಂಟು, ಸ್ವರವಿಲ್ಲ. ಬೇಸಿನ ತಂತಿಗೆ ಸ್ವರವುಂಟು, ಅಂಥ ಪೆಟ್ಟಿಲ್ಲ. ಇವೆರಡೂ ಒಂದೇ ಕ್ಷಣದಲ್ಲಿ ಬಿದ್ದರೆ ಕೇಳುವವನಿಗೆ ಎರಡು ವಾದ್ಯಗಳು ಕೇಳಿಸುವುದಿಲ್ಲ. ಸ್ವರವುಳ್ಳ ಒಂದು ದೊಡ್ಡ ಪೆಟ್ಟು ಕೇಳಿಸುತ್ತದೆ, ಹಾಡು ಅದರ ಮೇಲೆ ಕಾಲೂರಿ ನಡೆಯುತ್ತದೆ. ತಬಲಾ ಕೇಳಿ ಬೆಳೆದ ನಮ್ಮವರಿಗೆ ಇದು ಹೊಸದಲ್ಲ. ತಬಲಾದಲ್ಲಿ ಎಡಗೈಯ ಡಗ್ಗಾದ ಗುಮಕಿಯೂ ಬಲಗೈಯ ಕಟ್ಟೂ ಒಬ್ಬನ ಎರಡು ಕೈಗಳು. ಇಲ್ಲಿ ಆ ಕೆಲಸ ಇಬ್ಬರು ಮನುಷ್ಯರಿಗೆ ಹಂಚಿಹೋಗಿದೆ. ಒಬ್ಬನ ಎರಡು ಕೈ ಕೂಡುವುದು ಸುಲಭ, ಇಬ್ಬರ ಮನಸ್ಸು ಕೂಡುವುದು ಕಷ್ಟ.

ನಾದ ಹುಟ್ಟುವ ಕ್ಷಣದಷ್ಟೇ ಅದು ನಿಲ್ಲುವ ಕ್ಷಣವೂ ಮುಖ್ಯ. ಹೊಸದಾಗಿ ಕಲಿತವರು ತಂತಿಯನ್ನು ಮೀಟಿ ಹಾಗೆಯೇ ಬಿಟ್ಟುಬಿಡುತ್ತಾರೆ. ಆ ನಾದ ಮುಂದಿನ ಮಾತ್ರೆಯವರೆಗೂ ಹರಡಿಕೊಂಡು ಡ್ರಮ್ಮಿನ ಎಡಗೈಯ ಪೆಟ್ಟನ್ನು ನುಂಗಿಹಾಕುತ್ತದೆ. ಅನುಭವಸ್ಥನು ಎಡಗೈ ಬೆರಳನ್ನು ಸಡಿಲಿಸಿ ಸರಿಯಾದ ಹೊತ್ತಿಗೆ ತಂತಿಯನ್ನು ಸುಮ್ಮನಾಗಿಸುತ್ತಾನೆ. ಆಗ ಉಂಟಾಗುವ ಬಿಡುವಿನಲ್ಲಿ ಡ್ರಮ್ಮು ಸ್ಪಷ್ಟವಾಗಿ ನುಡಿಯುತ್ತದೆ. ಚಪ್ಪಟೆ ಸುತ್ತಿನ ತಂತಿಯನ್ನೂ, ಸೇತುವೆಯ ಬಳಿ ತಂತಿಗಳ ಕೆಳಗೆ ಸಿಕ್ಕಿಸುವ ಸ್ಪಂಜಿನ ತುಂಡನ್ನೂ ಹಳಬರು ಇಷ್ಟಪಡುತ್ತಿದ್ದುದಕ್ಕೆ ಇದು ಒಂದು ಕಾರಣ. ನಾದ ತಾನಾಗಿಯೇ ಬೇಗ ಆರುವುದರಿಂದ ಜೊತೆಗಾರನಿಗೆ ಎಡೆ ಸಿಗುತ್ತದೆ. ಹೀಗೆ ನೋಡಿದಾಗ ತಂತಿಯ ಆಯ್ಕೆಗೆ ಒಂದು ಅರ್ಥ ಬರುತ್ತದೆ. ಇಲ್ಲವಾದರೆ ಅದು ಸೀರೆಯ ಬಣ್ಣದ ಚರ್ಚೆಯಾಗುತ್ತದೆ.

ಇದಕ್ಕೆ ಒಬ್ಬ ದೊಡ್ಡ ವಾದಕನ ಉದಾಹರಣೆಯಿದೆ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ನೂರಾರು ಹಾಡುಗಳಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್ (1936–1983). ಅವರ ಬಳಿ ಇದ್ದದ್ದು 1962ರ ಒಂದು ಪ್ರಿಸಿಷನ್ ಗಿಟಾರು, ಅದರ ಮೇಲೆ ಚಪ್ಪಟೆ ಸುತ್ತಿನ ತಂತಿಗಳು. ತಂತಿ ಹರಿಯುವವರೆಗೂ ಬದಲಾಯಿಸುತ್ತಿರಲಿಲ್ಲವಂತೆ. ಮೀಟುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದ. ಆದರೆ ಅವರ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು ಡ್ರಮ್ಮು ನುಡಿಸಿದವರು ಬೆನ್ನಿ ಬೆಂಜಮಿನ್. ಈ ಇಬ್ಬರ ಹೊಂದಾಣಿಕೆಯಿಂದ ಬಂದ ನಡಿಗೆಯನ್ನು ಜೇಮರ್ಸನ್ ಅವರ ಮಾದರಿಯ ಗಿಟಾರು ಕೊಂಡವರೆಲ್ಲ ಹುಡುಕಿ ಬಳಲಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಕಾಲದಲ್ಲಿ ನೆಲ ಸರಿಯಾಗಿದ್ದರೆ ಕುಣಿತ ತಾನಾಗಿ ಬರುತ್ತದೆಂದು ನಂಬಿ ನೆಲವನ್ನೇ ಕೊಳ್ಳಹೊರಟವರು ಹೆಚ್ಚು.

ಇಂಥ ಜೊತೆಗಾರಿಕೆಯನ್ನು ಕಾಣಲು ಡೆಟ್ರಾಯಿಟ್‌ವರೆಗೆ ಹೋಗಬೇಕಾಗಿಲ್ಲ. ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆ ಗದಗಿನ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವವನ್ನು ನಮ್ಮ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಅದೇ ಗುರುವಿನ ಶಿಷ್ಯೆ ಗಂಗೂಬಾಯಿ ಹಾನಗಲ್ ಅವರಿಗೆ ಅನೇಕ ವರ್ಷ ತಬಲಾ ಸಾಥ್ ಕೊಟ್ಟವರು ಮನೆಯವರೇ ಆದ ಶೇಷಗಿರಿ ಹಾನಗಲ್. ಕಿರಾಣಾ ಘರಾಣೆಯ ವಿಲಂಬಿತದಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತ ಬಹಳ ದೀರ್ಘವಾಗಿ ಸಾಗುತ್ತದೆ. ಅಷ್ಟು ನಿಧಾನದಲ್ಲಿ ಠೇಕಾ ಕದಲದಂತೆ ಹಿಡಿದಿರುವುದು, ಗಾಯಕಿ ಸಮಕ್ಕೆ ಬರುವ ದಾರಿಯನ್ನು ಮುಂಚೆಯೇ ಊಹಿಸುವುದು ಜೊತೆಯಲ್ಲಿ ಬಹುಕಾಲ ಬಾಳಿದವರಿಗೆ ಮಾತ್ರ ಒಲಿಯುವ ವಿದ್ಯೆ. ‘ಶ್ರುತಿ ತಾಯಿ, ಲಯ ತಂದೆ’ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಬೇಸ್ ಗಿಟಾರಿನ ವಿಶೇಷವೇನೆಂದರೆ ಅದು ಒಂದೇ ಕಾಲಕ್ಕೆ ತಾಯಿಯ ಮನೆಗೂ ತಂದೆಯ ಮನೆಗೂ ಸೇರಿದ್ದು. ಹಾಡಿನ ಆಧಾರಸ್ವರವನ್ನು ಹೇಳುವುದೂ ಅದೇ, ಮಾತ್ರೆಯನ್ನು ಗುರುತಿಸುವುದೂ ಅದೇ.

ನಮ್ಮ ಚಲನಚಿತ್ರಗೀತೆಗಳಲ್ಲಿ ಇದನ್ನು ಚೆನ್ನಾಗಿ ಅರಿತವರು ಇಳಯರಾಜ. ಅವರು ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ ಅನೇಕ ಕನ್ನಡ ಚಿತ್ರಗಳಲ್ಲಿ ಕೆಲಸ ಮಾಡಿದವರು. ಶಂಕರ್‌ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಇವರ ಸಂಗೀತದಿಂದಲೇ ಇಂದಿಗೂ ಮನೆಮನೆಯಲ್ಲಿ ಉಳಿದಿವೆ. ಅವರ ವಾದ್ಯವೃಂದದಲ್ಲಿ ಬಹುಕಾಲ ಬೇಸ್ ನುಡಿಸಿದವರು ಶಶಿಧರನ್, ಡ್ರಮ್ಮು ನುಡಿಸಿದವರು ಪುರುಷೋತ್ತಮನ್. ಪ್ರತಿ ವಾದ್ಯಕ್ಕೂ ಸ್ವರಲಿಪಿ ಬರೆದುಕೊಡುವುದು ಇಳಯರಾಜರ ಪದ್ಧತಿ. ಅವರ ಹಾಡುಗಳಲ್ಲಿ ಬೇಸು ಆಧಾರಸ್ವರವನ್ನು ಮಾತ್ರ ತಟ್ಟುತ್ತ ಕೂರುವುದಿಲ್ಲ. ಗಾಯಕರ ಸಾಲಿನ ಕೆಳಗೆ ತನ್ನದೇ ಇನ್ನೊಂದು ರಾಗಸಾಲನ್ನು ನೇಯುತ್ತ, ಸಾಲಿನ ತಿರುವಿನಲ್ಲಿ ಡ್ರಮ್ಮಿನ ಜೊತೆ ಕೂಡುತ್ತದೆ.

ವಾಚಕರು ಒಂದು ಪ್ರಯೋಗ ಮಾಡಿ ನೋಡಬಹುದು. ಈ ಎರಡು ಚಿತ್ರಗಳ ಯಾವುದಾದರೂ ಜೋಡಿಗೀತೆಯನ್ನು ಮೂರು ಸಲ ಹಾಕಿ. ಮೊದಲ ಸಲ ಕಂಠವನ್ನು ಕೇಳಿ, ಎರಡನೆಯ ಸಲ ಕೆಳಗಿನ ತಂತಿಯನ್ನು ಮಾತ್ರ, ಮೂರನೆಯ ಸಲ ಡ್ರಮ್ಮನ್ನು ಮಾತ್ರ. ನಾಲ್ಕನೆಯ ಸಲ ಸುಮ್ಮನೆ ಕೇಳಿದಾಗ ಅದು ನಿಮಗೆ ಬೇರೆಯೇ ಹಾಡು. ಆದರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಈ ಪ್ರಯೋಗ ನಡೆಯದು. ಅಷ್ಟು ಚಿಕ್ಕ ಸ್ಪೀಕರು ಮಂದ್ರದ ಮೂಲಕಂಪನವನ್ನು ಹೊರಡಿಸಲಾರದು. ಮೇಲಿನ ಅನುನಾದಗಳಿಂದ ನಮ್ಮ ಮಿದುಳು ಇಲ್ಲದ ಸ್ವರವನ್ನು ಊಹಿಸಿಕೊಳ್ಳುತ್ತದೆ. ನಮ್ಮ ಎಷ್ಟೋ ಮಕ್ಕಳು ಬೇಸನ್ನು ಊಹಿಸಿದ್ದಾರೆಯೇ ಹೊರತು ಮೈಗೆ ತಾಗುವಂತೆ ಕೇಳಿಲ್ಲ.

ಮೈಗೆ ತಾಗುವ ಮಂದ್ರವನ್ನು ಪುಣೆಯ ಮಕ್ಕಳು ಕೇಳುವ ಸಂದರ್ಭ ಒಂದುಂಟು, ಗಣೇಶೋತ್ಸವದ ಢೋಲ್-ತಾಶಾ. ತಾಶಾದವನು ಮಾತ್ರೆಗಳನ್ನು ಒಡೆದು ಕೊಡುತ್ತಾನೆ, ಸಾಲುಸಾಲು ಢೋಲುಗಳು ಮಂದ್ರದಲ್ಲಿ ಉತ್ತರ ಕೊಡುತ್ತವೆ. ಇಲ್ಲಿ ಒಂದು ಭೌತಶಾಸ್ತ್ರದ ತೊಡಕಿದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. 34 ಮೀಟರು ಉದ್ದದ ಸಾಲಿನ ತುದಿಯವನಿಗೆ ಮುಂದಿನವನ ಪೆಟ್ಟು ಕೇಳಿಸುವುದು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಗಿ. ಅದನ್ನು ಕೇಳಿ ಇವನು ಬಾರಿಸಿದರೆ ಇವನ ಪೆಟ್ಟು ಮುಂದಿನವನಿಗೆ ಮುಟ್ಟುವಾಗ ತಡ ಇಮ್ಮಡಿಯಾಗಿರುತ್ತದೆ. ಆದ್ದರಿಂದ ದೊಡ್ಡ ಪಥಕದಲ್ಲಿ ಕಿವಿಗಿಂತ ಕಣ್ಣನ್ನು, ಮುಂದಾಳಿನ ಕೈಯನ್ನು ನಂಬಬೇಕಾಗುತ್ತದೆ. ವೇದಿಕೆಯ ಮೇಲೂ ಇದೇ ಲೆಕ್ಕ. ಬೇಸಿನವನು ಡ್ರಮ್ಮಿನಿಂದ 10 ಮೀಟರು ದೂರ ನಿಂತರೆ ಸುಮಾರು 29 ಮಿಲಿಸೆಕೆಂಡು ತಡ. ನಿಮಿಷಕ್ಕೆ 120 ಮಾತ್ರೆಯ ಹಾಡಿನಲ್ಲಿ ಮಾತ್ರೆಯ ಕಾಲು ಭಾಗವೇ 125 ಮಿಲಿಸೆಕೆಂಡು. 29 ಎಂಬುದು ಅದರ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಾಯಿತು. ತಿಳಿದವರು ಡ್ರಮ್ಮಿನವನ ಎಡಗಾಲಿನ ತಾಳದ ತಟ್ಟೆಗಳ ಕಡೆಗೆ, ಅವನ ಕಾಲು ಕಾಣುವಂತೆ ಹತ್ತಿರ ನಿಲ್ಲುವುದು ಇದಕ್ಕಾಗಿಯೇ. ವೇದಿಕೆಯ ಅಂದಕ್ಕಾಗಿ ಇವರಿಬ್ಬರನ್ನು ಎರಡು ಮೂಲೆಗೆ ಕೂರಿಸುವ ವ್ಯವಸ್ಥಾಪಕರು ಇದನ್ನು ದಯವಿಟ್ಟು ಗಮನಿಸಬೇಕು.

ಈಗ ನಮ್ಮ ಸಂಘಗಳ ವಿಷಯಕ್ಕೆ ಬರೋಣ. ಬರಬರುತ್ತ ವೇದಿಕೆಯಿಂದ ವಾದ್ಯವೃಂದವೇ ಮಾಯವಾಗುತ್ತಿದೆ. ಅದರ ಜಾಗದಲ್ಲಿ ಕರೋಕೆ ಟ್ರ್ಯಾಕು ಬಂದಿದೆ. ಖರ್ಚಿಲ್ಲ, ತಾಲೀಮಿಲ್ಲ, ಯಾರಿಗೂ ಊಟ, ಆಟೋ ಬಾಡಿಗೆ ಕೊಡಬೇಕಾಗಿಲ್ಲ. ಕಾರ್ಯಕಾರಿ ಸಮಿತಿಯ ಕಷ್ಟ ನಮಗೆ ತಿಳಿಯದ್ದಲ್ಲ. ಆದರೂ ಹೇಳಬೇಕಾದ ಮಾತನ್ನು ಹೇಳಬೇಕು. ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಹತ್ತು ವರ್ಷದ ಹುಡುಗಿ ಚರಣದ ಎತ್ತುಗಡೆಯನ್ನು ಅರ್ಧ ಆವರ್ತ ತಪ್ಪಿಸಿದರೆ, ಎದುರಿಗೆ ಮನುಷ್ಯರಿದ್ದಲ್ಲಿ ಬೇಸಿನವನು ಅದೇ ಸ್ವರದ ಮೇಲೆ ಇನ್ನೊಂದು ಸುತ್ತು ತಿರುಗುತ್ತಾನೆ, ಡ್ರಮ್ಮಿನವನು ಕಣ್ಣಿನಿಂದಲೇ ‘ಈಗ’ ಎನ್ನುತ್ತಾನೆ, ಹುಡುಗಿ ದಡ ಸೇರುತ್ತಾಳೆ. ಟ್ರ್ಯಾಕಿನ ಎದುರು ಅವಳು ಅಳುತ್ತ ಕೆಳಗಿಳಿಯುತ್ತಾಳೆ. ಮೇಲಾಗಿ ಟ್ರ್ಯಾಕನ್ನು ಬ್ಲೂಟೂತ್ ಸ್ಪೀಕರಿನಲ್ಲಿ ನುಡಿಸಿ ಅದರ ಜೊತೆಗೆ ಒಬ್ಬ ತಬಲಾದವನನ್ನು ಕೂರಿಸುವುದುಂಟು. ಮೊಬೈಲು ಹೊರಡಿಸಿದ ನಾದ ಅಂಥ ಸ್ಪೀಕರಿಗೆ ಮುಟ್ಟುವಾಗಲೇ ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಪಾಲೋ ಹೆಚ್ಚೋ ತಡವಾಗಿರುತ್ತದೆ. ಮೊಬೈಲಿನ ಪರದೆಯ ಮೇಲೆ ಓಡುವ ಅಕ್ಷರವನ್ನು ನೋಡಿ ಹಾಡುವವಳು ಒಂದು ಕಡೆ, ಸ್ಪೀಕರನ್ನು ಕೇಳಿ ನುಡಿಸುವವನು ಇನ್ನೊಂದು ಕಡೆ. 2020ರ ಕೊರೋನಾ ಕಾಲದಲ್ಲಿ ಅಂತರ್ಜಾಲದ ಮೂಲಕ ಸಾಮೂಹಿಕ ಗಾಯನ ಮಾಡಹೊರಟವರಿಗೆಲ್ಲ ಈ ತಡದ ರುಚಿ ಗೊತ್ತಾಗಿದೆ.

ಯಂತ್ರವೇ ಬೇಡವೆಂಬ ಮಡಿವಂತಿಕೆ ನಮ್ಮದಲ್ಲ. ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಇಲೆಕ್ಟ್ರಾನಿಕ್ ತಂಬೂರಿ ಇಂದು ಸಂಗೀತದ ಅಭ್ಯಾಸ ನಡೆಯುವ ಮನೆಗಳಲ್ಲೆಲ್ಲ ಇದೆ, ಇರಲಿ. ತಂಬೂರಿಗೆ ಯಾರೊಡನೆಯೂ ತಾಳ ಕೂಡಿಸುವ ಹೊಣೆಯಿಲ್ಲ. ಆದ್ದರಿಂದ ಯಂತ್ರ ಅಲ್ಲಿ ಸಲ್ಲುತ್ತದೆ. ಬೇಸಿನ ಕೆಲಸ ಹಾಗಲ್ಲ. ಜಪಾನಿನ ರೋಲಂಡ್ ಕಂಪನಿ 1980ರ ದಶಕದ ಆರಂಭದಲ್ಲಿ, ಒಬ್ಬನೇ ಅಭ್ಯಾಸ ಮಾಡುವ ಗಿಟಾರಿನವನಿಗೆ ಜೊತೆಯಾಗಲೆಂದು ಟಿಬಿ-303 ಎಂಬ ಬೇಸ್ ಯಂತ್ರವನ್ನು ತಂದಿತು. ಬೇಸಿನವನ ಬದಲಿಯಾಗಿ ಅದು ಯಾರಿಗೂ ಒಪ್ಪಿಗೆಯಾಗದೆ 1984ರಲ್ಲಿ ತಯಾರಿಕೆಯೇ ನಿಂತಿತು. ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ಬೇಸ್ ಮತ್ತು ಗಿಟಾರು ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ (ನಿಧನ 2015) 1982ರಲ್ಲಿ ಅದೇ ಯಂತ್ರದ ಮೇಲೆ ಹತ್ತು ರಾಗಗಳನ್ನು ನುಡಿಸಿ ಒಂದು ಧ್ವನಿಮುದ್ರಿಕೆ ಮಾಡಿದರು. ಅಮೆರಿಕದ ಶಿಕಾಗೋದ ತರುಣರು ಅದೇ ದಶಕದ ಕೊನೆಯ ಹೊತ್ತಿಗೆ ಅದರಿಂದ ಹೊಸ ಬಗೆಯ ನೃತ್ಯಸಂಗೀತವನ್ನೇ ಕಟ್ಟಿದರು. ಯಂತ್ರವಾಗಿಯೇ ಬಳಸಿದಾಗ ಅದಕ್ಕೆ ಮರ್ಯಾದೆ ಬಂತು, ಜೊತೆಗಾರನ ವೇಷ ತೊಡಿಸಿದಾಗ ಸೋತಿತು.

ಇನ್ನೊಂದು ವಿಚಾರ ನಮ್ಮಂಥ ಹೊರನಾಡಿನವರಿಗೇ ವಿಶೇಷವಾಗಿ ಸೇರಿದ್ದು. ನಮ್ಮ ಮನೆಗಳಲ್ಲಿ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರಿದ್ದಾರೆ. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ತಡವರಿಸುತ್ತಾರೆ. ವೇದಿಕೆಯ ಮೇಲೆ ಭಾವಗೀತೆ ಹಾಡೆಂದರೆ ಉಚ್ಚಾರಕ್ಕೆ ಯಾರು ನಗುತ್ತಾರೋ ಎಂದು ಹಿಂಜರಿದು ಬರುವುದನ್ನೇ ಬಿಟ್ಟಿದ್ದಾರೆ. ಇವರಲ್ಲಿ ಕೆಲವರು ಕಾಲೇಜಿನ ಬ್ಯಾಂಡುಗಳಲ್ಲಿ ಬೇಸ್ ನುಡಿಸುತ್ತಾರೆ, ಡ್ರಮ್ಮು ಬಾರಿಸುತ್ತಾರೆ. ಇಂಥವರಿಗೆ ನಮ್ಮ ಸಂಜೆಯಲ್ಲಿ ಜಾಗವೇ ಇಲ್ಲ, ಏಕೆಂದರೆ ಅವರ ಜಾಗದಲ್ಲಿ ಟ್ರ್ಯಾಕು ಕುಳಿತಿದೆ. ಬೇಸಿನವನು ಬಾಯಿ ಬಿಡಬೇಕಾಗಿಲ್ಲ. ಆದರೆ ಸಾಲು ಎಲ್ಲಿ ಮುಗಿಯುತ್ತದೆ, ಗಾಯಕಿ ಯಾವ ಪದದ ಮೇಲೆ ಉಸಿರು ತೆಗೆದುಕೊಳ್ಳುತ್ತಾಳೆ, ಯಾವ ಅಕ್ಷರಕ್ಕೆ ಒತ್ತು ಬೀಳುತ್ತದೆ ಎಂಬುದನ್ನು ತಿಳಿಯದೆ ಅವನು ಡ್ರಮ್ಮಿನವನ ಜೊತೆ ಒಂದು ಹಾಡನ್ನೂ ದಾಟಿಸಲಾರ. ನಾಲ್ಕು ಭಾನುವಾರ ತಾಲೀಮು ನಡೆದರೆ ಅಷ್ಟು ಕನ್ನಡ ಅವನ ಕಿವಿಯಲ್ಲಿ ಕೂತಿರುತ್ತದೆ. ವರ್ಷವಿಡೀ ನಡೆಸುವ ಕನ್ನಡ ತರಗತಿಗೆ ಬಾರದವನು ಇದಕ್ಕೆ ಓಡಿ ಬರುತ್ತಾನೆ.

ಇಂಥ ಹುಡುಗರ ತಂದೆತಾಯಿಗಳಿಗೆ, ಅಂದರೆ ನಮ್ಮಂತೆ ತಿಂಗಳ ಸಂಬಳದಲ್ಲಿ ಲೆಕ್ಕ ಹಾಕುವವರಿಗೆ, ಸಲಕರಣೆಯ ಬಗ್ಗೆ ಒಂದು ಮಾತು. ಮೊದಲ ವಾದ್ಯ ನಾಲ್ಕು ತಂತಿಯದಾಗಿರಲಿ. ಕುತ್ತಿಗೆ ನೆಟ್ಟಗಿರಬೇಕು, ಶ್ರುತಿ ನಿಲ್ಲಬೇಕು, ಅಷ್ಟು ಸಾಕು. ತಂತಿಯ ಬಗೆಯನ್ನು ಆರು ತಿಂಗಳು ಒಬ್ಬ ಡ್ರಮ್ಮಿನವನ ಜೊತೆ ನುಡಿಸಿದ ಮೇಲೆ ಅವನೇ ನಿರ್ಧರಿಸಲಿ, ಆಗ ಅವನಿಗೆ ಕಾರಣ ಗೊತ್ತಿರುತ್ತದೆ. ಎರಡನೆಯ ಗಿಟಾರಿಗೆ ಕೂಡಿಸುವ ಹಣದಲ್ಲಿ ತಾಲೀಮಿನ ಕೋಣೆಯ ಬಾಡಿಗೆ ಕಟ್ಟುವುದು ಲೇಸು.

ಸಮಿತಿಯವರಲ್ಲಿ ನಮ್ಮ ಬಿನ್ನಹ ಚಿಕ್ಕದು. ಇಡೀ ಸಂಜೆಯನ್ನು ಬದಲಿಸಿರೆಂದು ಕೇಳುವುದಿಲ್ಲ. ಮುಂದಿನ ರಾಜ್ಯೋತ್ಸವದಲ್ಲಿ ಎರಡೇ ಹಾಡುಗಳು ಟ್ರ್ಯಾಕಿಲ್ಲದೆ ನಡೆಯಲಿ, ಒಂದು ಬೇಸು, ಒಂದು ಡ್ರಮ್ಮು ಅಥವಾ ತಬಲಾ, ಒಂದು ಹಾರ್ಮೋನಿಯಂ, ನಮ್ಮದೇ ಮನೆಗಳ ಮಕ್ಕಳಿಂದ. ಮೊದಲ ವರ್ಷ ಲಯ ಅಲ್ಲಲ್ಲಿ ಜಾರಬಹುದು. ಜಾರಿದರೆ ಇಬ್ಬರೂ ಮುಖ ನೋಡಿಕೊಂಡು ಮತ್ತೆ ಹಿಡಿಯುತ್ತಾರೆ, ಕಲಿಯುವುದು ಹಾಗೆಯೇ. ಇನ್ನೊಂದು ಕೋರಿಕೆ, ಕಾರ್ಯಕ್ರಮದ ಪತ್ರಿಕೆಯಲ್ಲಿ ಹಾಡಿದವರ ಹೆಸರಿನ ಕೆಳಗೆ ನುಡಿಸಿದವರ ಹೆಸರೂ ಅಚ್ಚಾಗಲಿ. ಜೇಮರ್ಸನ್ ಅವರಿಗೆ ವರ್ಷಗಟ್ಟಲೆ ದುಡಿದ ಮೇಲೆ, 1971ರಲ್ಲಿ ಮಾರ್ವಿನ್ ಗೇ ಅವರ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಆ ಗೌರವ ಸಿಕ್ಕಿತು. ಅಲ್ಲಿಯವರೆಗೆ ಆ ಕಂಪನಿ ವಾದ್ಯಗಾರರ ಹೆಸರು ಹಾಕುತ್ತಿರಲಿಲ್ಲ. ನಮ್ಮ ಮಕ್ಕಳ ವಿಷಯದಲ್ಲಿ ಅಷ್ಟು ಕಾಯುವ ಅಗತ್ಯವಿಲ್ಲ. ಒಂದು ಸಾಲು ಅಚ್ಚು ಹೆಚ್ಚಾದರೆ ಸಂಘದ ಖಜಾನೆಗೆ ನಷ್ಟವೇನೂ ಆಗದು.